ಹನ್ನೆರಡು ಸಾವಿರ ರಾಣಿಯರ ಲೆಕ್ಕ

ಹಂಪಿಯ ಕಮಲ ಮಹಲಿನ ಮುಂದೆ ಗೈಡ್ ಸುತ್ತ ಗುಂಪುಗೂಡಿದ ಪ್ರವಾಸಿಗರು ಆನೆಲಾಯದ ಎತ್ತರ ಕೇಳುವುದನ್ನು ಮರೆಯಬಹುದು. ಕಲ್ಲು ಎಲ್ಲಿಂದ ತಂದರು ಎಂದು ಕೇಳುವುದನ್ನೂ ಮರೆಯಬಹುದು. 'ರಾಜನಿಗೆ ಎಷ್ಟು ಜನ ಹೆಂಡ್ತೀರು?' ಎಂಬುದನ್ನು ಮಾತ್ರ ಯಾರಾದರೊಬ್ಬರು ಕೇಳಿಯೇ ತೀರುತ್ತಾರೆ. ಗೈಡ್‌ಗಳೂ ತಯಾರಾಗಿರುತ್ತಾರೆ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಸಂಖ್ಯೆ. ಅವರನ್ನು ದೂರುವಂತಿಲ್ಲ. ಐದಾರು ಶತಮಾನದ ಹಿಂದೆ ಬಂದು ಹೋದ ಪ್ರವಾಸಿಗರೇ ತಲೆಗೊಂದು ಲೆಕ್ಕ ಬರೆದಿಟ್ಟಿದ್ದಾರೆ.

ವೆನಿಸ್ ಕಡೆಯ ವ್ಯಾಪಾರಿ ನಿಕೊಲೊ ಕೋಂಟಿ 1420ರ ಸುಮಾರಿಗೆ ಬಂದವನು. ಅವನು ಹೇಳಿ ಬರೆಸಿದಂತೆ ವಿಜಯನಗರದ ಅರಸನಿಗೆ 12,000 ಹೆಂಡಿರು. ಅವರಲ್ಲಿ 4,000 ಮಂದಿ ಅರಸ ಹೋದಲ್ಲೆಲ್ಲ ಕಾಲ್ನಡಿಗೆಯಲ್ಲಿ ಹೋಗಿ ಅಡುಗೆ ನೋಡಿಕೊಳ್ಳುವವರು, ಅಷ್ಟೇ ಮಂದಿ ಕುದುರೆಯ ಮೇಲೆ, ಮಿಕ್ಕವರು ಪಲ್ಲಕ್ಕಿಯಲ್ಲಿ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ಬಂದಾಗ ಅವನ ಕಿವಿಗೆ ಬಿದ್ದ ಸಂಖ್ಯೆ 700. 1520ರ ಆಸುಪಾಸಿನಲ್ಲಿ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಧರ್ಮಪತ್ನಿಯರು 12, ಅವರಲ್ಲಿ ಮುಖ್ಯರಾದವರು 3 ಎಂದ. ತಿರುಮಲೆಯ ಗುಡಿಯಲ್ಲಿ ಕೈಮುಗಿದು ನಿಂತ ರಾಯನ ಲೋಹದ ಪ್ರತಿಮೆಯ ಅಕ್ಕಪಕ್ಕ ಉಳಿದುಕೊಂಡವರಂತೂ ಇಬ್ಬರೇ, ತಿರುಮಲದೇವಿ ಮತ್ತು ಚಿನ್ನಾದೇವಿ.

ಕೋಂಟಿಯ ಲೆಕ್ಕದಲ್ಲಿ ಅಡುಗೆಯವರು, ಕಾವಲಿನವರು, ದಾಸಿಯರು ಎಲ್ಲರೂ ಹೆಂಡಿರಾಗಿಬಿಟ್ಟಿದ್ದಾರೆ ಎಂಬುದು ಮೇಲ್ನೋಟಕ್ಕೇ ಗೊತ್ತಾಗುತ್ತದೆ. ರಾಣಿವಾಸದ ಒಳಗೆ ಪರದೇಶದ ಗಂಡಸಿಗೆ ಪ್ರವೇಶವಿರಲಿಲ್ಲ. ಹೊರಗೆ ನಿಂತವನ ಕೈಗೆ ಸಿಗುವುದು ತಲೆಯೆಣಿಕೆ ಮಾತ್ರ. (ಈಗ 'ಜನಾನಾ' ಎಂದು ಫಲಕ ಹಾಕಿರುವ ಆವರಣ ನಿಜವಾಗಿ ರಾಣಿವಾಸವೇ ಆಗಿತ್ತೆ ಎಂಬ ಬಗ್ಗೆಯೂ ಹಂಪಿಯ ಕಟ್ಟಡಗಳನ್ನು ಅಭ್ಯಾಸ ಮಾಡಿದ ವಿದ್ವಾಂಸರಿಗೆ ಅನುಮಾನವಿದೆ. ಹೆಸರು ಬಹಳ ತಡವಾಗಿ ಅಂಟಿಕೊಂಡದ್ದು.)

ಪಾಯೆಸ್ ಮಾತ್ರ ಎಣಿಕೆಗೆ ನಿಲ್ಲಲಿಲ್ಲ. ಮೂವರು ಮುಖ್ಯ ರಾಣಿಯರಲ್ಲಿ ಒಬ್ಬಳು ಒರಿಸ್ಸಾದ ಅರಸನ ಮಗಳು, ಇನ್ನೊಬ್ಬಳು ಶ್ರೀರಂಗಪಟ್ಟಣದ ಅರಸನ ಮಗಳು. ಮೂರನೆಯವಳು ಯಾವ ಅರಮನೆಯವಳೂ ಅಲ್ಲ, ರಾಯ ಪಟ್ಟಕ್ಕೆ ಬರುವ ಮೊದಲೇ ಒಲಿದಿದ್ದ ಒಬ್ಬ ಗಣಿಕೆ. ಪಟ್ಟವಾದರೆ ನಿನ್ನನ್ನೇ ಮದುವೆಯಾಗುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ. ಹದಿನೈದು ವರ್ಷದ ನಂತರ ಬರೆದ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ನೂನಿಜ್ ಕತೆಯನ್ನು ಇನ್ನೂ ಬೆಳೆಸುತ್ತಾನೆ: ಸಿಂಹಾಸನ ಏರಿದ ಮೇಲೂ ರಾಯ ರಾತ್ರಿ ಕದ್ದು ಆ ಗಣಿಕೆಯ, ಅಂದರೆ ಚಿನ್ನಾದೇವಿಯ, ಮನೆಗೆ ಹೋಗುತ್ತಿದ್ದನಂತೆ. ಒಂದು ರಾತ್ರಿ ಮಂತ್ರಿ ತಿಮ್ಮರಸು ಬೆನ್ನು ಹತ್ತಿ ಹಿಡಿದ, ಬುದ್ಧಿ ಹೇಳಿ ಅರಮನೆಗೆ ಕರೆತಂದ. ರಾಯ ಬಿಟ್ಟುಕೊಡದೆ ಹೋದಾಗ ಮೊದಲು ರಾಜಮನೆತನದ ಹೆಣ್ಣಿನೊಂದಿಗೆ ಮದುವೆ ಮಾಡಿಸಿ, ಆಮೇಲೆ ಇವಳನ್ನೂ ಅದೇ ಮನೆಗೆ ಸೇರಿಸಿ ಲೋಕಾಪವಾದ ತಪ್ಪಿಸಿದ. ಅವಳ ಮೇಲಿನ ಪ್ರೀತಿಗೇ ರಾಯ ಹೊಸ ಪಟ್ಟಣ ಕಟ್ಟಿಸಿದ ಎನ್ನುತ್ತಾನೆ ಪಾಯೆಸ್. ಆ ಪಟ್ಟಣವೇ ನಾಗಲಾಪುರ, ಇವತ್ತಿನ ಹೊಸಪೇಟೆ. ನಮ್ಮ ಕಡೆಯವರು ಅದು ರಾಯನ ತಾಯಿ ನಾಗಲಾಂಬಿಕೆಯ ಹೆಸರು ಎನ್ನುತ್ತಾರೆ. ತಾಯಿಗೋ ಪ್ರಿಯೆಗೋ, ಊರು ಕಟ್ಟಿದ್ದು ಒಬ್ಬಳಿಗಾಗಿ.

ಕತೆಯಲ್ಲಿ ಎಷ್ಟು ಇತಿಹಾಸ, ಎಷ್ಟು ಪೇಟೆಯ ಗಾಳಿಮಾತು ಎಂಬುದು ಬೇರೆ ವಿಷಯ. ಕರೆಸಿದರೆ ಯಾವ ರಾಣಿಯಾದರೂ ಬರಬೇಕಾದ ಅರಮನೆ ಬಿಟ್ಟು, ಮೈಮೇಲೆ ಕಂಬಳಿ ಎಳೆದುಕೊಂಡಾದರೂ ಒಂದೇ ಮನೆಗೆ ನಡೆದು ಹೋಗುವ ಅರಸನ ಚಿತ್ರ ಜನರಿಗೆ ನಂಬಲು ಕಷ್ಟವಾಗಲಿಲ್ಲ ಎನ್ನುವುದು ನನಗೆ ಮುಖ್ಯ. ಸಂಖ್ಯೆ ಏನನ್ನು ಹೇಳುವುದಿಲ್ಲವೋ ಅದು ಅವರಿಗೆ ಗೊತ್ತಿತ್ತು. ವಿಜ್ಞಾನಕ್ಕೆ ಅದು ಗೊತ್ತಾಗಲು ಸ್ವಲ್ಪ ತಡವಾಯಿತು.

*

ತಡವಾಗಲು ಕಾರಣ ಸರಳ. ಸಮೀಕ್ಷೆಯ ಹಾಳೆಯಲ್ಲಿ 'ತಿಂಗಳಿಗೆ ಎಷ್ಟು ಸಲ?' ಎಂದು ಕೇಳುವುದು ಸುಲಭ, 'ಹೇಗಿತ್ತು?' ಎಂದು ಕೇಳುವುದು ಕಷ್ಟ. 1948ರಲ್ಲಿ ಆಲ್ಫ್ರೆಡ್ ಕಿನ್ಸೆಯ ವರದಿ ಬಂದಾಗಿನಿಂದ ಲೈಂಗಿಕತೆಯ ಅಧ್ಯಯನಕ್ಕೆ ಎಣಿಕೆಯೇ ಅಡಿಪಾಯವಾಯಿತು. ಹೆಚ್ಚು ಕೂಡುವ ದಂಪತಿಗಳು ಹೆಚ್ಚು ಸುಖಿಗಳು ಎಂಬ ಫಲಿತಾಂಶ ಮತ್ತೆ ಮತ್ತೆ ಬಂತು, ಪತ್ರಿಕೆಗಳ ದಾಂಪತ್ಯ ಅಂಕಣಗಳಿಗೆ ಮೇವಾಯಿತು.

2015ರಲ್ಲಿ ಟೊರಾಂಟೊದ ಏಮಿ ಮ್ಯೂಸ್ ಮತ್ತು ಸಂಗಡಿಗರು ನಾಲ್ಕು ದಶಕಗಳಲ್ಲಿ 30,000ಕ್ಕೂ ಹೆಚ್ಚು ಅಮೆರಿಕನ್ನರಿಂದ ಸಂಗ್ರಹವಾಗಿದ್ದ ಮಾಹಿತಿಯನ್ನು ಒಟ್ಟಿಗೆ ಹರವಿ ನೋಡಿದರು. ಜೊತೆಗಾರರಿರುವವರಲ್ಲಿ ಸಂತೋಷದ ಗೆರೆ ಮೊದಲು ಏರುತ್ತದೆ. ವಾರಕ್ಕೊಮ್ಮೆ ಎಂಬಲ್ಲಿಗೆ ಬಂದ ಮೇಲೆ ಚಪ್ಪಟೆಯಾಗುತ್ತದೆ. ವಾರಕ್ಕೆ ನಾಲ್ಕು ಸಲ ಎಂದವರು ಒಂದು ಸಲ ಎಂದವರಿಗಿಂತ ಹೆಚ್ಚು ಸಂತೋಷವಾಗಿರಲಿಲ್ಲ. ಇದನ್ನು ಓದಿ 'ವಾರಕ್ಕೊಂದು' ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕಿಲ್ಲ. ಅದು ಅಮೆರಿಕದ ಸರಾಸರಿ, ಯಾರ ಮನೆಯ ಕಾನೂನೂ ಅಲ್ಲ. ಗಮನಿಸಬೇಕಾದದ್ದು ಗೆರೆಯ ಆಕಾರ. ಒಂದು ಹಂತದವರೆಗೆ ಎಣಿಕೆಗೆ ಅರ್ಥವಿದೆ, ಆಮೇಲೆ ಅದು ಸುಮ್ಮನಾಗುತ್ತದೆ.

ಅಷ್ಟರಲ್ಲೂ ಒಂದು ತೊಡಕು ಉಳಿಯಿತು. ಕೂಡುವುದರಿಂದ ಸಂತೋಷವೋ, ಸಂತೋಷವಾಗಿರುವುದರಿಂದ ಕೂಡುವುದೋ? ಸಮೀಕ್ಷೆಯಿಂದ ಇದು ಬಗೆಹರಿಯುವುದಿಲ್ಲ, ಪ್ರಯೋಗವೇ ಆಗಬೇಕು. ಅದೇ ವರ್ಷ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವನ್‌ಸ್ಟೈನ್ ತಂಡ ಅದನ್ನೂ ಮಾಡಿ ನೋಡಿತು. 35ರಿಂದ 65 ವಯಸ್ಸಿನ 64 ದಂಪತಿಗಳು, 90 ದಿನ. ಅರ್ಧದಷ್ಟು ಜೋಡಿಗಳಿಗೆ ಏನೂ ಹೇಳಲಿಲ್ಲ. ಇನ್ನರ್ಧ ಜೋಡಿಗಳಿಗೆ ಮಾತ್ರ ಒಂದು ವಿಚಿತ್ರ ಅಪ್ಪಣೆ: ಈಗ ವಾರಕ್ಕೆ ಎಷ್ಟು ಸಲವೋ ಅದನ್ನು ಎರಡು ಪಟ್ಟು ಮಾಡಿ.

ಅವರು ಪಾಪ, ಪ್ರಯತ್ನಪಟ್ಟರು. ಎಣಿಕೆ ಏರಿತು. ಸಂತೋಷ ಏರಲಿಲ್ಲ, ತುಸು ಇಳಿಯಿತು. ಬಯಕೆ ಕಡಿಮೆಯಾಯಿತು, ಕೂಡಿದಾಗಿನ ಸುಖವೂ ಕಡಿಮೆಯಾಯಿತು. ತಪ್ಪು ಕೂಡುವುದರಲ್ಲಿಲ್ಲ, ಅಪ್ಪಣೆಯ ಮೇರೆಗೆ ಕೂಡುವುದರಲ್ಲಿದೆ ಎಂದು ಸಂಶೋಧಕರಿಗೇ ಅನಿಸಿತು. ಬಯಕೆ ಹುಟ್ಟುವ ಮೊದಲೇ ಕೆಲಸ ಹಚ್ಚಿದರೆ ಅದು ಕೆಲಸವೇ ಆಗುತ್ತದೆ. ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಗೆ ಅಲೆಯುತ್ತ, ಡಾಕ್ಟರು ಗುರುತು ಹಾಕಿಕೊಟ್ಟ ದಿನಾಂಕಗಳಲ್ಲಿ ಕೂಡಿದವರಿಗೆ ಈ ಫಲಿತಾಂಶ ಬಿಡಿಸಿ ಹೇಳಬೇಕಿಲ್ಲ.

ಗೆರೆ ಚಪ್ಪಟೆಯಾಗುವುದು ಯಾಕೆ ಎಂಬುದಕ್ಕೆ ಒಂದು ಉತ್ತರ 2017ರಲ್ಲಿ ಬಂತು. ಫ್ಲಾರಿಡಾದ ಆಂಡ್ರಿಯಾ ಮೆಲ್ಟ್ಜರ್ ಮತ್ತು ತಂಡ, ಹೊಸದಾಗಿ ಮದುವೆಯಾದ 214 ಜೋಡಿಗಳಿಂದ ಎರಡು ವಾರ ದಿನಚರಿ ಬರೆಸಿದರು. ಇವತ್ತು ಕೂಡಿದಿರಾ, ತೃಪ್ತಿ ಎಷ್ಟು, ಇಷ್ಟೇ. ಒಂದು ಮಿಲನದ ನಂತರ ತೃಪ್ತಿಯ ಮಟ್ಟ ಏರಿ, ಸುಮಾರು 48 ಗಂಟೆ ಹಾಗೇ ಉಳಿದು, ಆಮೇಲೆ ನಿಧಾನ ಇಳಿಯುತ್ತಿತ್ತು. ಉಳಿದ ಆ ಕಾವು ಯಾರಲ್ಲಿ ಗಟ್ಟಿಯಾಗಿತ್ತೋ ಅವರೇ ನಾಲ್ಕಾರು ತಿಂಗಳ ನಂತರ ದಾಂಪತ್ಯದಲ್ಲೂ ಹೆಚ್ಚು ನೆಮ್ಮದಿಯಾಗಿದ್ದರು. ಒಲೆಯ ಕೆಂಡ ಇನ್ನೂ ನಿಗಿನಿಗಿ ಎನ್ನುವಾಗ ಮತ್ತೊಂದು ಕೊಳ್ಳಿ ಒಟ್ಟಿದರೆ ಅಡುಗೆಯೇನೂ ಬೇಗ ಆಗುವುದಿಲ್ಲ. ಹಾಗೆಂದು ವಾರಗಟ್ಟಲೆ ಒಲೆ ಆರಿಸಿಟ್ಟು 'ನಮ್ಮದು ಗುಣಮಟ್ಟದ ಸಂಸಾರ' ಎನ್ನುವವರಿಗೂ ಈ ಅಧ್ಯಯನಗಳಲ್ಲಿ ಸಮಾಧಾನವಿಲ್ಲ. ಸಂತೋಷದ ಗೆರೆ ಏರುವ ಭಾಗವೂ ನಿಜವೇ.

ಹಾಗಾದರೆ ಆ ಗುಣ ಎನ್ನುವುದು ಎಲ್ಲಿದೆ? ಹೃದಯ, ಆತ್ಮ ಎಂದು ಕವಿಗಳು ಬರೆದಿರುವುದನ್ನು ಅವರಿಗೇ ಬಿಡೋಣ. ಚರ್ಮದಿಂದ ಶುರು ಮಾಡುವುದು ಒಳ್ಳೆಯದು.

*

ಅದಕ್ಕೆ ಹಂಪಿಯ ಹೇಮಕೂಟದ ಬಂಡೆಯ ಮೇಲೆ ಸಂಜೆ ನಾಲ್ಕರ ನಂತರ ಹೋಗಿ ಕೂತರೆ ಸಾಕು. ಶಿವನ ಹಣೆಗಣ್ಣಿಗೆ ಕಾಮ ಸುಟ್ಟು ಬೂದಿಯಾದ ಜಾಗ ಇದೇ ಎಂದು ಸ್ಥಳಪುರಾಣ. ಕೆಳಗೆ ವಿರೂಪಾಕ್ಷನ ಗುಡಿಯ ರಂಗಮಂಟಪದ ಚಾವಣಿಯಲ್ಲಿ ಅದೇ ಮನ್ಮಥ ಬಿಲ್ಲು ಬಾಗಿಸಿ ಶಿವನಿಗೆ ಗುರಿಯಿಟ್ಟ ಚಿತ್ರವಿದೆ. ಬಂಡೆಯ ಮೇಲೆ ಕೋತಿಗಳು. ಇವು ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಬಾನೆಟ್ ಮಕಾಕ್‌ಗಳು, ನೆತ್ತಿಯ ಕೂದಲು ಸುಳಿಯಾಗಿ ಟೋಪಿಯಂತೆ ಹರಡಿಕೊಂಡಿರುವವು. ಕರಿ ಮೋರೆ, ಉದ್ದ ಬಾಲದ ಮುಸಿಯಗಳು ಬೇರೆ ಜಾತಿ.

ಒಂದು ಹೆಣ್ಣು ಬಂಡೆಗೆ ಬೆನ್ನು ಚೆಲ್ಲಿ, ಒಂದು ಕೈ ಮೇಲೆತ್ತಿ ಬಿದ್ದುಕೊಳ್ಳುತ್ತದೆ. ಇನ್ನೊಂದು ಹತ್ತಿರ ಬಂದು ಕಂಕುಳ ಕೂದಲನ್ನು ಎಡಗೈಯಿಂದ ಒತ್ತಿ ಹಿಡಿದು, ಬಲಗೈ ಹೆಬ್ಬೆರಳು ತೋರುಬೆರಳಿನಿಂದ ಬುಡದ ತನಕ ಬಿಡಿಸುತ್ತದೆ. ಏನೋ ಸಿಕ್ಕಿತು, ಬಾಯಿಗೆ. ತುಟಿ ಪಟಪಟ ಎನ್ನುತ್ತದೆ. ಬಿದ್ದುಕೊಂಡದ್ದರ ಕಣ್ಣು ಅರ್ಧ ಮುಚ್ಚುತ್ತದೆ. ಹೇನು, ಉಣ್ಣಿ, ಹೊಟ್ಟು ತೆಗೆದದ್ದು ನಿಜ, ಆದರೆ ಅದಕ್ಕೆ ಇಷ್ಟು ಹೊತ್ತು ಬೇಕಾಗಿಲ್ಲ. ಕಂಪ್ಲಿಯ ಓಣಿಗಳಲ್ಲಿ ಮಧ್ಯಾಹ್ನ ಕಟ್ಟೆಯ ಮೇಲೆ ಒಬ್ಬರ ಹಿಂದೊಬ್ಬರು ಕೂತು ಹೇನು ನೋಡುವ ಹೆಂಗಸರನ್ನು ಕೇಳಿ, ಹೇನು ನೆಪ ಎಂದು ಅವರೇ ಹೇಳುತ್ತಾರೆ. 1989ರಲ್ಲಿ ಕೇಂಬ್ರಿಜ್‌ನ ಬ್ಯಾರಿ ಕೆವರ್ನ್ ತಂಡ ಆಫ್ರಿಕಾದ ತಲಪೊಯಿನ್ ಎಂಬ ಪುಟ್ಟ ಕೋತಿಗಳಲ್ಲಿ ಮೈ ಹೆಕ್ಕಿಸಿಕೊಂಡ ನಂತರ ಬೀಟಾ ಎಂಡಾರ್ಫಿನ್ ಏರುವುದನ್ನು ತೋರಿಸಿತು. ನೋವು ಮರೆಸಿ ಹಾಯೆನಿಸುವ, ದೇಹವೇ ತಯಾರಿಸುವ ಅಫೀಮು ಅದು.

ಕೋತಿಗಳು ಸಿಕ್ಕವರಿಗೆಲ್ಲ ಹೆಕ್ಕುವುದಿಲ್ಲ. ಜೋನ್ ಸಿಲ್ಕ್ ಮತ್ತು ಸಹೋದ್ಯೋಗಿಗಳು ಬೋಟ್ಸ್‌ವಾನಾದ ಮೊರೆಮಿಯಲ್ಲಿ ಬಬೂನುಗಳ ಹಲವು ವರ್ಷದ ದಾಖಲೆಯನ್ನು ಜಾಲಾಡಿ 2010ರಲ್ಲಿ ಪ್ರಕಟಿಸಿದ್ದು ಇದು: ಯಾವ ಹೆಣ್ಣಿನ ಅತಿ ಹತ್ತಿರದ ಮೂರು ನಂಟುಗಳು ಗಟ್ಟಿಯಾಗಿ, ವರ್ಷದಿಂದ ವರ್ಷಕ್ಕೆ ಬದಲಾಗದೆ ಉಳಿದವೋ ಅದು ಹೆಚ್ಚು ಕಾಲ ಬದುಕಿತು. ಆಯಸ್ಸು ಕೂಡಿಬಂದದ್ದು ಆ ಕೆಲವರಿಂದ. (ಪಾಯೆಸ್ ಹೇಳಿದ ಮುಖ್ಯ ರಾಣಿಯರೂ ಮೂವರೇ ಎಂಬುದು ಬರೀ ಕಾಕತಾಳೀಯ. ಆದರೂ ಓದುವಾಗ ನಗು ಬಂತು.) ಶಿಮ್ಲಾದ ಕೆಂಪು ಕೋತಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನ, ಮನುಷ್ಯರ ಕೈಚೀಲದ ಹಿಂದೆ ಹೆಚ್ಚು ಹೊತ್ತು ಬಿದ್ದ ಕೋತಿಗಳಿಗೆ ಮಲಗಲೂ ಮೈ ಹೆಕ್ಕಲೂ ಹೊತ್ತು ಕಡಿಮೆಯಾಗುತ್ತದೆ ಎಂದು ತೋರಿಸಿದೆ. ವಿರೂಪಾಕ್ಷ ಬಜಾರಿನಲ್ಲಿ ಬಾಳೆಹಣ್ಣು ತೋರಿಸಿ ಸೆಲ್ಫಿ ತೆಗೆಯುವವರು ಇದನ್ನು ನೆನಪಿಡಲಿ.

ಮನುಷ್ಯರಿಗೆ ಬರೋಣ. ನಮ್ಮ ಚರ್ಮದಲ್ಲಿ ಎರಡು ಬಗೆಯ ಸ್ಪರ್ಶನರಗಳಿವೆ. ಒಂದು ವೇಗದ್ದು, ಮುಟ್ಟಿದ ಜಾಗ, ಒತ್ತಡ, ಅಲುಗಾಟದ ಸುದ್ದಿಯನ್ನು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಮಿದುಳಿಗೆ ಒಯ್ಯುತ್ತದೆ. ಇನ್ನೊಂದು ಬಲು ನಿಧಾನಿ, ಸೆಕೆಂಡಿಗೆ ಸುಮಾರು ಒಂದೇ ಮೀಟರ್. ಮುಂಗೈ, ಬೆನ್ನು, ಕೆನ್ನೆಯಂಥ ರೋಮವಿರುವ ಚರ್ಮದಲ್ಲಿ ಹೆಚ್ಚಾಗಿರುವ ಇದಕ್ಕೆ ಸಿ-ಟ್ಯಾಕ್ಟೈಲ್ ನರ ಎಂದು ಹೆಸರು. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಹಾಕನ್ ಓಲಾಸನ್ ಬಳಗ ಇದರ ಮರ್ಮ ಹಿಡಿದ ಬಗೆ ಸ್ವಾರಸ್ಯಕರ. ಸ್ವಯಂಸೇವಕನ ತೋಳಿನ ನರದೊಳಗೆ ಕೂದಲೆಳೆಯಷ್ಟು ತೆಳ್ಳಗಿನ ಸೂಜಿ ಇಳಿಸಿ, ಒಂದೇ ಒಂದು ತಂತು ಮಿಡಿಯುವುದನ್ನು ದಾಖಲಿಸುತ್ತಾರೆ. ಆಮೇಲೆ ಯಂತ್ರಕ್ಕೆ ಕಟ್ಟಿದ ಮೆತ್ತನೆಯ ಕುಂಚವೊಂದು ಮುಂಗೈ ಮೇಲೆ ಬೇರೆ ಬೇರೆ ವೇಗದಲ್ಲಿ ಸವರಿ ಹೋಗುತ್ತದೆ. ತೀರ ನಿಧಾನವಾದರೆ ಈ ನರ ಮಂಕು, ತೀರ ಬೇಗವಾದರೂ ಮಂಕು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದಾಗ ಅದು ಅತಿ ಹೆಚ್ಚು ಮಿಡಿಯುತ್ತದೆ. 'ಎಷ್ಟು ಹಿತವಾಗಿತ್ತು?' ಎಂದು ಕೇಳಿದಾಗ ಜನ ಅತಿ ಹೆಚ್ಚು ಅಂಕ ಕೊಟ್ಟದ್ದೂ ಅದೇ ವೇಗಕ್ಕೆ. 2009ರಲ್ಲಿ ಇದು ಪ್ರಕಟವಾಯಿತು. ಕುಂಚದ ಬಿಸಿ ಚರ್ಮದ ಬಿಸಿಯಷ್ಟೇ, ಅಂದರೆ ಸುಮಾರು 32 ಡಿಗ್ರಿ ಇದ್ದಾಗ ಈ ನರ ಹೆಚ್ಚು ಚುರುಕು ಎಂಬುದು ಮುಂದೆ ಗೊತ್ತಾಯಿತು. ಅಂಗೈಯ ಬಿಸಿ, ಅಂಗೈಯ ವೇಗ.

ಯಾರೂ ಕಲಿಸದೆ ನಮ್ಮ ಕೈಗೆ ಈ ವೇಗ ಗೊತ್ತು. ಜರ್ಮನಿಯಲ್ಲಿ ಇಲೋನಾ ಕ್ರೊಯ್ ತಂಡ ತಂದೆತಾಯಿಯರಿಗೆ ಕೂಸನ್ನೂ ಪ್ರೇಮಿಗಳಿಗೆ ಜೊತೆಗಾರರನ್ನೂ ಸವರಲು ಹೇಳಿತು, ವೇಗದ ಬಗ್ಗೆ ತುಟಿ ಬಿಚ್ಚಲಿಲ್ಲ. ಅವರ ಕೈ ತಾನಾಗಿ ಆ ಮಿತಿಯೊಳಗೇ ಚಲಿಸಿತು. ಕೃತಕ ತೋಳೊಂದನ್ನು ಕೊಟ್ಟಾಗ ಕೈ ಸರಸರ ಓಡಿತು.

ಅವಸರದ ಸಂಗ ಯಾಕೆ ಮೈಗೆ ಹತ್ತುವುದಿಲ್ಲ ಎಂಬುದಕ್ಕೆ ನರದ ಮಟ್ಟದ ಕಾರಣ ಇಲ್ಲಿದೆ. ವೇಗದ ನರಗಳಿಗೆ ಸುದ್ದಿ ಮುಟ್ಟಿತು, ನಿಧಾನದ ನರಕ್ಕೆ ಸರದಿಯೇ ಬರಲಿಲ್ಲ. ಸ್ವಿಟ್ಜರ್ಲೆಂಡಿನ ಆನಿಕ್ ಡೆಬ್ರೊ ಮತ್ತು ಸಂಗಡಿಗರು 2017ರಲ್ಲಿ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ: ಮಿಲನದಿಂದ ಬರುವ ನೆಮ್ಮದಿಯ ದೊಡ್ಡ ಪಾಲು ಅದರ ಜೊತೆ ಬರುವ ಅಪ್ಪುಗೆ, ಮುದ್ದು, ಅಕ್ಕರೆಯ ಮೂಲಕ ಹಾದು ಬರುತ್ತದೆ. ಮುಗಿದ ಕೂಡಲೆ ಮಗ್ಗುಲು ತಿರುಗಿ ಮೊಬೈಲ್ ಹಿಡಿಯುವವರು ಊಟ ಬಡಿಸಿಕೊಂಡು ಎಲೆ ಬಿಟ್ಟೇಳುತ್ತಿದ್ದಾರೆ.

*

ಕುಂಚದ ಪ್ರಯೋಗದಲ್ಲಿ ಸವರಿದ್ದು ಯಂತ್ರ. ಸವರುವ ಕೈ ಯಾರದ್ದು ಎನ್ನುವುದಕ್ಕೂ ಬೆಲೆ ಇದೆಯೆ? ಈ ಅಧ್ಯಾಯದಲ್ಲಿ ನನಗೆ ಅತಿ ಇಷ್ಟವಾದ ಪ್ರಯೋಗ ಇದರ ಬಗ್ಗೆಯೇ.

ಜೇಮ್ಸ್ ಕೋನ್ ಎಂಬ ಮನೋವಿಜ್ಞಾನಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ 16 ಮಂದಿ ವಿವಾಹಿತ ಹೆಂಗಸರನ್ನು ಒಬ್ಬೊಬ್ಬರಾಗಿ ಎಂಆರ್‌ಐ ಯಂತ್ರದೊಳಗೆ ಮಲಗಿಸಿದ. ಕಾಲಿನ ಹತ್ತಿರ ವಿದ್ಯುತ್ ತಂತಿ. ಪರದೆಯ ಮೇಲೆ ಒಂದು ಗುರುತು ಬಂದರೆ ಸಣ್ಣ ಶಾಕ್ ಹೊಡೆಯಬಹುದು, ಹೊಡೆಯದೆಯೂ ಇರಬಹುದು. ಈ ಕಾಯುವ ಕೆಲವು ಸೆಕೆಂಡುಗಳಲ್ಲಿ ಮಿದುಳು ಹೇಗೆ ಹೆದರುತ್ತದೆ ಎಂದು ನೋಡುವುದು ಉದ್ದೇಶ. ಒಮ್ಮೆ ಕೈ ಹಿಡಿಯಲು ಯಾರೂ ಇಲ್ಲ. ಒಮ್ಮೆ ಗುರುತಿಲ್ಲದ ಗಂಡಸಿನ ಕೈ. ಒಮ್ಮೆ ಗಂಡನ ಕೈ. ಅಪರಿಚಿತನ ಕೈಯಿಂದಲೂ ಹೆದರಿಕೆ ಸ್ವಲ್ಪ ತಗ್ಗಿತು. ಗಂಡನ ಕೈಯಿಂದ ಬಹಳ ತಗ್ಗಿತು. 2006ರಲ್ಲಿ ಫಲಿತಾಂಶ ಪ್ರಕಟವಾದಾಗ ಪತ್ರಿಕೆಗಳು ಇಲ್ಲಿಗೇ ನಿಂತವು.

ವರದಿಯ ಇನ್ನೊಂದು ಸಾಲು ಹೆಚ್ಚು ಮುಖ್ಯ. ಎಲ್ಲರ ಗಂಡನ ಕೈಗೂ ಒಂದೇ ಶಕ್ತಿ ಇರಲಿಲ್ಲ. ಯಾರ ದಾಂಪತ್ಯ ಗಟ್ಟಿಯಾಗಿತ್ತೋ ಅವರ ಮಿದುಳಿನಲ್ಲಿ, ಒತ್ತಡದ ಹಾರ್ಮೋನುಗಳ ಲಗಾಮು ಹಿಡಿಯುವ ಹೈಪೊಥಲಾಮಸ್ ಸೇರಿದಂತೆ ಕೆಲವು ಭಾಗಗಳು ಹೆಚ್ಚು ತಣ್ಣಗಿದ್ದವು. ಅದೇ ಕೈ, ಅದೇ ಹಿಡಿತ, ಅಷ್ಟೇ ಹೊತ್ತು. ಎಣಿಸಲು ಹೊರಟರೆ ಎಲ್ಲವೂ ಸಮಾನ. ದೇಹ ಮಾತ್ರ ವ್ಯತ್ಯಾಸ ಓದಿಕೊಂಡಿತ್ತು.

ಇದರ ಇನ್ನೊಂದು ಮುಖವನ್ನು ಒಹಾಯೊದ ಜಾನಿಸ್ ಕೀಕೋಲ್ಟ್-ಗ್ಲೇಸರ್ ತೋರಿಸಿದರು. 42 ದಂಪತಿಗಳನ್ನು ಆಸ್ಪತ್ರೆಯಲ್ಲಿರಿಸಿ, ಅವರ ತೋಳಿನ ಮೇಲೆ ಸಣ್ಣ ಗುಳ್ಳೆಯ ಗಾಯ ಮಾಡಿ, ಗಂಡ ಹೆಂಡತಿ ಮಾತಾಡಿಕೊಳ್ಳುವುದನ್ನು ಗಮನಿಸಿದರು. ಹಗೆತನದಿಂದ ಮಾತಾಡುವ ಜೋಡಿಗಳ ಗಾಯ ಮಾಯುವ ವೇಗ ಉಳಿದವರದ್ದರ ಶೇ. 60ರಷ್ಟು ಮಾತ್ರ ಇತ್ತು. ಒಂದೇ ಸೂರಿನಡಿ ಎಷ್ಟು ವರ್ಷ, ಎಷ್ಟು ರಾತ್ರಿ ಎಂಬುದನ್ನು ಗಾಯ ಕೇಳಲಿಲ್ಲ.

ಇನ್ನು, ಕೂಡುವುದು ಯಾತಕ್ಕಾಗಿ? ಎಮಿಲಿ ಇಂಪೆಟ್ ಮತ್ತು ಜೊತೆಗಾರರು 2005ರಲ್ಲಿ ದಿನಚರಿ ಬರೆಸಿ ಇದನ್ನೂ ಬಗೆದರು. ಹತ್ತಿರವಾಗಬೇಕು, ಅವರಿಗೆ ಸುಖವಾಗಬೇಕು ಎಂದು ಕೂಡಿದ ದಿನಗಳಲ್ಲಿ ಮನಸ್ಸು ಹಗುರ. ಬೇಡವೆಂದರೆ ಜಗಳವಾದೀತು, ಮುಖ ಊದೀತು ಎಂದು ಕೂಡಿದ ದಿನಗಳಲ್ಲಿ ಮನಸ್ಸು ಭಾರ, ಆಮೇಲೆ ಜಗಳವೂ ಹೆಚ್ಚು. ಸಮೀಕ್ಷೆಯ ಹಾಳೆಯಲ್ಲಿ ಎರಡೂ ಒಂದೇ, 'ಈ ವಾರ: 1'. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸಿಗೆ ಬೇಡ ಎನ್ನುವ ಮಾತೇ ಕಲಿಸಿಲ್ಲ. ಅಲ್ಲಿ ಎಣಿಕೆ ಎಷ್ಟೇ ಇರಲಿ, ಅದು ಒಬ್ಬರ ಲೆಕ್ಕ. ವಿಜಯನಗರದ ರಾಣಿವಾಸದ ಅಂಕಿಗಳಿಗೂ ಇದೇ ಕೊರತೆ. ಪಾಯೆಸ್ ಪ್ರಕಾರ ರಾಯನಿಗೆ ರಾಣಿ ಬೇಕಾದಾಗ ನಪುಂಸಕ ಸೇವಕನೊಬ್ಬ ಹೋಗಿ ಬಾಗಿಲ ಕಾವಲಿನ ಹೆಂಗಸರಿಗೆ ತಿಳಿಸುತ್ತಿದ್ದ, ಅವರು ರಾಣಿಗೆ ತಿಳಿಸುತ್ತಿದ್ದರು. ಸುದ್ದಿ ಒಳಗೆ ಹೋಗುವ ದಾರಿಯನ್ನು ಇಷ್ಟು ವಿವರವಾಗಿ ಬರೆದವನು, 'ಇವತ್ತು ಬೇಡ' ಎಂಬ ಸುದ್ದಿ ಹೊರಗೆ ಬರುವ ದಾರಿಯೊಂದಿತ್ತೆ ಎಂದು ಬರೆದಿಲ್ಲ. ಚಿನ್ನಾದೇವಿಯ ಕತೆಯೂ ರಾಯನ ಕಡೆಯಿಂದಲೇ ನಮಗೆ ದಕ್ಕಿರುವುದು.

ಹೊಸತನದ ಆಕರ್ಷಣೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ದಣಿದು ಬಿದ್ದ ಗಂಡು ಇಲಿಯ ಪಂಜರಕ್ಕೆ ಹೊಸ ಹೆಣ್ಣು ಬಿಟ್ಟರೆ ಮತ್ತೆ ಎದ್ದು ಕೂರುತ್ತದೆ. ಇದಕ್ಕೆ ಕೂಲಿಡ್ಜ್ ಪರಿಣಾಮ ಎಂದು ಹೆಸರು, ಅಮೆರಿಕದ ಅಧ್ಯಕ್ಷನೊಬ್ಬನ ಮೇಲಿನ ಹಳೆಯ ಜೋಕಿನಿಂದ ಬಂದದ್ದು. 12,000ದ ಕನಸು ಕಾಣುವ ಮಿದುಳು ಅದೇ. ಆದರೆ ಹಳತಾದರೆ ಒಲವು ಸವೆದೇ ಹೋಗುತ್ತದೆ ಎಂಬುದೂ ಪೂರ್ತಿ ಸರಿಯಲ್ಲ. ಬಿಯಾಂಕಾ ಅಸೆವೆಡೊ ಮತ್ತು ಆರ್ಥರ್ ಆರೋನ್, ಮದುವೆಯಾಗಿ ಸರಾಸರಿ 21 ವರ್ಷವಾದ ಮೇಲೂ ಸಂಗಾತಿಯ ಮೇಲೆ ಗಾಢ ಪ್ರೇಮವಿದೆ ಎಂದ 17 ಜನರಿಗೆ ಅವರವರ ಸಂಗಾತಿಯ ಫೋಟೋ ತೋರಿಸಿ ಮಿದುಳಿನ ಚಿತ್ರ ತೆಗೆದರು. ಹೊಸ ಪ್ರೇಮಿಗಳಲ್ಲಿ ಬೆಳಗುವ ಡೋಪಮಿನ್ ಕೇಂದ್ರವೇ ಅವರಲ್ಲೂ ಬೆಳಗಿತು.

*

ಎಣಿಕೆಯ ಗೀಳು ನಮ್ಮಲ್ಲಿ ಎರಡು ಕಡೆ ಎಳೆಯುತ್ತದೆ. ಹೆಚ್ಚು ಬೇಕು ಎಂಬುದು ಒಂದು, ಕಡಿಮೆಯಾಗಲಿ ಎಂಬುದು ಇನ್ನೊಂದು. ಆಯುರ್ವೇದದ ವಾಗ್ಭಟ ತನ್ನ ಅಷ್ಟಾಂಗಹೃದಯದಲ್ಲಿ ಋತುವಿಗೆ ತಕ್ಕ ಪಟ್ಟಿ ಕೊಟ್ಟಿದ್ದಾನೆ: ಹೇಮಂತದಲ್ಲಿ ಇಚ್ಛೆಯಿದ್ದಷ್ಟು, ವಸಂತ ಮತ್ತು ಶರತ್ತಿನಲ್ಲಿ ಮೂರು ದಿನಕ್ಕೊಮ್ಮೆ, ಮಳೆಗಾಲ ಮತ್ತು ಬೇಸಿಗೆಯಲ್ಲಿ ಪಕ್ಷಕ್ಕೊಮ್ಮೆ. ಬಳ್ಳಾರಿ ಸೀಮೆಯಲ್ಲಿರುವುದು ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲ ಎನ್ನುವವರ ಮಾತು ನಂಬಿದರೆ ಹೊಸಪೇಟೆಯವರ ಪಾಡು ಕಷ್ಟವೇ. ಕಂಪ್ಲಿಯ ಕುಮಾರರಾಮನನ್ನು ಜನ ಇವತ್ತಿಗೂ ಹೊಗಳುವುದು ದೆಹಲಿಯ ಸೈನ್ಯಕ್ಕೆ ಎದುರು ನಿಂತದ್ದಕ್ಕೆ ಎಷ್ಟೋ, ಬಲೆ ಬೀಸಿದ ಮಲತಾಯಿ ರತ್ನಾಜಿಯನ್ನು ಒಲ್ಲೆ ಎಂದದ್ದಕ್ಕೂ ಅಷ್ಟೇ. ಪರನಾರಿ ಸಹೋದರ ಎಂಬುದು ಅವನ ಬಿರುದು.

ಹೊಗಳಿಕೆ ಒಳ್ಳೆಯದೇ. ಅದು ಭಯವಾಗಿ ತಿರುಗಿದಾಗ ಕಾಯಿಲೆ. ನಲವತ್ತು ಹನಿ ರಕ್ತ ಸೇರಿದರೆ ಒಂದು ಹನಿ ವೀರ್ಯ ಎಂಬ ನಂಬಿಕೆಯಿಂದ ನಿದ್ದೆಗೆಡುವ ಹುಡುಗರಿಗೆ ಲೆಕ್ಕವಿಲ್ಲ. ಈ ಕಳವಳಕ್ಕೆ 1960ರಲ್ಲಿ ಮನೋವೈದ್ಯ ಎನ್.ಎನ್. ವಿಗ್ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ವೀರ್ಯ ರಕ್ತದಿಂದ ಹಿಂಡಿದ ಸಾರವಲ್ಲ. ಅದರ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ, ವೀರ್ಯಾಣುಗಳು ಹಗಲೂ ರಾತ್ರಿ ಹುಟ್ಟುತ್ತಲೇ ಇರುತ್ತವೆ. ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ 'ಗುಪ್ತರೋಗ, ಶಕ್ತಿಹೀನತೆ, ಇಂಥ ತಾರೀಖು ಇಂಥ ಲಾಡ್ಜ್‌ನಲ್ಲಿ ಭೇಟಿ' ಎಂದು ಅಂಟಿಸುವ ಚೀಟಿಗಳ ವ್ಯಾಪಾರ ಈ ಎರಡೂ ಲೆಕ್ಕದ ಮೇಲೆ ನಡೆಯುತ್ತದೆ.

ಸಂಡೂರಿನ ಗಣಿಗಳಲ್ಲೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೂ ದುಡಿಯುವವರ ಮನೆಗಳಲ್ಲಿ ಕೊರತೆ ಇರುವುದು ಶಕ್ತಿಯದ್ದಲ್ಲ, ನಿದ್ದೆಯದ್ದು. ನೈಟ್ ಶಿಫ್ಟ್ ಮುಗಿಸಿ ಮೈಮೇಲಿನ ಕೆಂಪು ಧೂಳು ತೊಳೆದುಕೊಂಡು ಗಂಡ ಮಲಗುವ ಹೊತ್ತಿಗೆ ಹೆಂಡತಿ ಮಕ್ಕಳ ಟಿಫಿನ್ ಕಟ್ಟುತ್ತಿರುತ್ತಾಳೆ. ಷಿಕಾಗೊದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ 10 ಯುವಕರಿಗೆ ಒಂದು ವಾರ ದಿನಕ್ಕೆ ಐದೇ ಗಂಟೆ ನಿದ್ದೆ ಕೊಟ್ಟಾಗ ಹಗಲಿನ ಟೆಸ್ಟೊಸ್ಟೆರಾನ್ ಶೇ. 10ರಿಂದ 15 ಇಳಿಯಿತು. ಹೆಂಗಸರಿಗೂ ಇದು ಬಿಟ್ಟದ್ದಲ್ಲ. ಡೇವಿಡ್ ಕಾಲ್ಮ್‌ಬಾಕ್ 171 ಹೆಂಗಸರ ನಿದ್ದೆಯನ್ನು ಎರಡು ವಾರ ದಾಖಲಿಸಿ, ಒಂದು ಗಂಟೆ ಹೆಚ್ಚು ಮಲಗಿದವರಲ್ಲಿ ಮರುದಿನ ಸಂಗಾತಿಯೊಂದಿಗೆ ಕೂಡುವ ಸಂಭವ ಶೇ. 14 ಹೆಚ್ಚು ಎಂದು 2015ರಲ್ಲಿ ಬರೆದರು. ಲಾಡ್ಜ್ ವೈದ್ಯರ ಪುಡಿಗಿಂತ ಶಿಫ್ಟ್ ಪಟ್ಟಿ ನೋಡಿ, ಇಬ್ಬರಿಗೂ ಎಚ್ಚರವಿರುವ, ಇಬ್ಬರಿಗೂ ನಿದ್ದೆಯಾಗಿರುವ ಒಂದು ಮಧ್ಯಾಹ್ನ ಹುಡುಕಿಕೊಳ್ಳುವುದು ಅಗ್ಗ.

ಎಣಿಕೆಯನ್ನು ಇಷ್ಟೆಲ್ಲ ಬೈದ ಮೇಲೆ, ಅದು ನಿಜಕ್ಕೂ ಕೆಲಸಕ್ಕೆ ಬರುವ ಒಂದು ಸಂದರ್ಭ ಹೇಳಬೇಕು. ಮನಸ್ಸು ಚೆನ್ನಾಗಿದೆ, ನಿದ್ದೆ ಇದೆ, ಒಲವಿದೆ, ಆದರೂ ನಲವತ್ತು ದಾಟಿದ ಗಂಡಸಿಗೆ ನಿಮಿರುವಿಕೆ ತಪ್ಪುತ್ತ ಹೋಗಿ ತಿಂಗಳುಗಳಿಂದ ಕೂಡುವುದು ನಿಂತಿದೆ ಎಂದಾದರೆ ಅದು ಶರಮಿನ ವಿಷಯವಲ್ಲ, ರಕ್ತನಾಳದ ವಿಷಯ ಇದ್ದೀತು. ಶಿಶ್ನದ ರಕ್ತನಾಳಗಳ ಅಗಲ 1ರಿಂದ 2 ಮಿಲಿಮೀಟರ್, ಹೃದಯದ್ದು 3ರಿಂದ 4. ಕೊಬ್ಬು ಕಟ್ಟತೊಡಗಿದರೆ ಸಣ್ಣ ಕೊಳವೆ ಮೊದಲು ಸೂಚನೆ ಕೊಡುತ್ತದೆ. ಹೃದಯದ ತೊಂದರೆ ಕಾಣಿಸಿಕೊಳ್ಳುವುದಕ್ಕೆ ಎರಡರಿಂದ ಐದು ವರ್ಷ ಮೊದಲೇ ಇದು ಶುರುವಾಗುವುದುಂಟು. ಅಂಥವರು ಲಾಡ್ಜಿನ ಮೆಟ್ಟಿಲು ಹತ್ತದೆ ತಾಲೂಕು ಆಸ್ಪತ್ರೆಗೆ ಹೋಗಿ ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಮೂರನ್ನೂ ನೋಡಿಸಬೇಕು. ಹೆಂಡತಿಯೂ ಜೊತೆಗೆ ಹೋದರೆ ಇನ್ನೂ ಒಳ್ಳೆಯದು. ಡಾಕ್ಟರು ಕೇಳುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅವಳಿಗೇ ಗೊತ್ತಿರುತ್ತದೆ.